ಕಾರ್ಟೂನಿಗೆ ನೀಲಿ ಸಿಕ್ಕಿದ್ದು

ಪ್ರಶ್ನೆ: ಹಳೇ ಕಾರ್ಟೂನ್ ಚಿತ್ರಗಳೆಲ್ಲ ಕಪ್ಪು-ಬಿಳುಪು ತಾನೇ? ಬಣ್ಣ ಬಂದದ್ದು ಯಾವಾಗ ಸಾರ್?
– ಓದುಗರೊಬ್ಬರು, ಬಸವನಗುಡಿ

ಉತ್ತರ: ಎಲ್ಲವೂ ಅಲ್ಲ ಸ್ವಾಮಿ. 1911ರಲ್ಲೇ ಅಮೆರಿಕದ ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ ತನ್ನ ಕಾರ್ಟೂನ್ ಫಿಲ್ಮಿನ ಒಂದೊಂದೇ ಚೌಕಕ್ಕೆ ಕೈಯಲ್ಲೇ ಬಣ್ಣ ಹಚ್ಚಿದ್ದ. ಗಾಂಧಿನಗರದ ಥಿಯೇಟರ್‌ಗಳಿಗೆ ಇಪ್ಪತ್ತು ವರ್ಷ ಬ್ಯಾನರ್ ಬರೆದವನು ನಾನು. ಆ ಚೌಕಗಳನ್ನು ನೆನೆಸಿಕೊಂಡರೇ ಬೆರಳು ನೋಯುತ್ತೆ! ಆಮೇಲೆ ಎರಡು ಬಣ್ಣದ ಪದ್ಧತಿ ಬಂತು. ಕೆಂಪು, ಹಸಿರು, ಅಷ್ಟೇ. ಸರಿಯಾದ ನೀಲಿ ಇಲ್ಲದೆ ಆಕಾಶ ಬರೆಯೋದು ಹೇಗೆ, ಹೇಳಿ? 1932ರಲ್ಲಿ ಡಿಸ್ನಿಗೆ ನೀಲಿಯೂ ಸೇರಿದ ಮೂರು ಬಣ್ಣದ ಟೆಕ್ನಿಕಲರ್ ಪದ್ಧತಿ ಸಿಕ್ಕಿತು. ಕಪ್ಪು-ಬಿಳುಪಿನಲ್ಲಿ ಶುರುವಾಗಿದ್ದ ‘ಫ್ಲವರ್ಸ್ ಅಂಡ್ ಟ್ರೀಸ್’ ಅನ್ನು ಬಣ್ಣದಲ್ಲಿ ಮತ್ತೆ ಮಾಡಿಸಿದರು. ಆಸ್ಕರ್ ಬಂತು. ಕಾರ್ಟೂನಿಗೆ ಆ ಪದ್ಧತಿ ಬಳಸುವ ಹಕ್ಕೂ ಕೆಲವು ಕಾಲ ಅವರೊಬ್ಬರದೇ. ಜಾಣ, ಅಲ್ವಾ? ಉಳಿದವರು 1935ರವರೆಗೂ ಎರಡೇ ಬಣ್ಣದಲ್ಲಿ ಒದ್ದಾಡಿದರು.