ಥಾಯ್, ಫ್ರೆಂಚ್, ಇಂಗ್ಲಿಷ್‌ನಲ್ಲಿ 'ಮಿತಿ ಮೀರು' ಅನ್ನೋದಕ್ಕೆ ಸರಿಸಮ ಪದಗಳು ಯಾವುವು?

ಮೂರೂ ಭಾಷೆಯ ಪದಗಳನ್ನು ಪಕ್ಕಪಕ್ಕ ಇಟ್ಟು ಪಟ್ಟಿ ಮಾಡಿಕೊಡಿ ಅಂದಿದ್ದೀರಿ. ಮಾಡಿಕೊಡಲ್ಲ. ಅಂಥದ್ದೇ ಪಟ್ಟಿ ನನ್ನ ಜೇಬಲ್ಲೂ ಇತ್ತು.

ಬ್ಯಾಂಕಾಕ್‌ನಲ್ಲಿ ಫ್ರೆಂಚ್ ಪ್ರವಾಸಿಗರನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ. ಒಬ್ಬರ ವೀಸಾ ಅವಧಿ ಮುಗಿದು ಮೂರು ದಿನವಾಗಿತ್ತು. ದಿನಕ್ಕೆ 500 ಬಾತ್‌ನಂತೆ 1,500 ಬಾತ್ ದಂಡ ವಿಮಾನ ನಿಲ್ದಾಣದಲ್ಲಿ ಕಟ್ಟಿ ಹೊರಟರೆ ಮುಗೀತು. ಅವರಿದ್ದ ಗೆಸ್ಟ್‌ಹೌಸ್ ಒಡತಿಗೂ ಒಂದು ಮಾತು ತಿಳಿಸೋಣ ಅಂತ ಫೋನ್ ಮಾಡಿದೆ.

ಥಾಯ್‌ನಲ್ಲಿ ಮೀರುವುದಕ್ಕೆ 'ಕೇನ್' (ಆ ಸ್ವರ ಕನ್ನಡದಲ್ಲಿಲ್ಲ, ಇಂಗ್ಲಿಷಿನ 'ಬರ್ಡ್' ಅನ್ನುವಾಗಿನದ್ದಕ್ಕೆ ಹತ್ತಿರ). 'ಯೂ ಕೇನ್ ಕಮ್ನೋತ್', ಗಡುವು ಮೀರಿ ಇದ್ದಾರೆ, ಅಂದಿದ್ದರೆ ಸಾಕಿತ್ತು. ನನ್ನ ಪಟ್ಟಿಯಲ್ಲಿ 'ಲುವಂಗ್ ಕೇನ್' ಅಂತ ಇನ್ನೊಂದಿತ್ತು, ಎದುರಿಗೆ 'ಅತಿಕ್ರಮಿಸು'. 'ಲುವಂಗ್' ಅಂದರೂ ದಾಟುವುದೇ. ಎರಡೂ ಸೇರಿದರೆ ಗಂಭೀರವಾದ ಕಚೇರಿ ಮಾತಾಗುತ್ತೆ ಅಂದುಕೊಂಡೆ. ನಮ್ಮಲ್ಲಿ 'ಮೀರು' ಬಿಟ್ಟು 'ಉಲ್ಲಂಘಿಸು' ಅಂದರೆ ತೂಕ ಬರುತ್ತಲ್ಲ, ಹಾಗೆ. ಆದರೆ ಲುವಂಗ್ ಕೇನ್ ಮೀರುವುದು ಗಡುವನ್ನಲ್ಲ, ಮನುಷ್ಯರನ್ನು. ಹಿರಿಯರಿಗೆ ಅಗೌರವ ತೋರುವುದು, ಹೆಣ್ಣುಮಕ್ಕಳ ಮೈಮೇಲೆ ಕೈಹಾಕುವುದು, ಇದಕ್ಕೆಲ್ಲ ಬಳಸುವ ಮಾತು. ನಾನು ಹೇಳಿದ್ದು 'ಮೂರು ದಿನದಿಂದ ಲುವಂಗ್ ಕೇನ್ ಆಗಿದೆ' ಅಂತ. ಅಲ್ಲಿ ರೂಮು ಗುಡಿಸುತ್ತಿದ್ದವಳು ಒಡತಿಯ ಅಕ್ಕನ ಮಗಳು.

ಫೋನಿನಲ್ಲಿ ಒಂದಿಷ್ಟು ಹೊತ್ತು ಉಸಿರಷ್ಟೇ ಕೇಳಿಸಿತು. ನಾನು ಹೋಗುವಷ್ಟರಲ್ಲಿ ಆ ಮನುಷ್ಯರ ಸೂಟ್‌ಕೇಸ್ ಗೇಟಿನ ಹೊರಗಿತ್ತು, ಮೇಲೆ ಅವರ ಒದ್ದೆ ಟವೆಲ್. ನಿಜ ತಿಳಿದ ಮೇಲೂ ಆಕೆ ನಮಗೆ ರೂಮು ಕೊಡಲಿಲ್ಲ. ತಿಂಗಳೊಳಗೆ ನನ್ನ ಕೆಲಸ ಹೋಯಿತು.

ಅದಕ್ಕೇ ಹೇಳ್ತಿದ್ದೀನಿ, ಸರಿಸಮ ಪದ ಹುಡುಕಬೇಡಿ, ಏನನ್ನು ಮೀರುತ್ತಿದ್ದೀರಿ ಅಂತ ಮೊದಲು ಕೇಳಿಕೊಳ್ಳಿ. ಫ್ರೆಂಚಿನ 'ದೆಪಾಸೆ' ನಮ್ಮ 'ಮೀರು' ಥರ, ಬಹಳ ಕಡೆ ಒಗ್ಗುತ್ತೆ. ವೇಗದ ಮಿತಿ, ಮುಂದಿನ ಕಾರು, ಬುದ್ಧಿಗೆ ಮೀರಿದ ಸಂಗತಿ, ಎಲ್ಲಕ್ಕೂ ಬರುತ್ತೆ. 'ಊತ್ರಪಾಸೆ' ಅಂದರೋ, ಅಧಿಕಾರ ಮೀರಿದಿರಿ ಅಂತ ಆರೋಪ ಹೊರಿಸಿದ ಹಾಗೆ. ಇಂಗ್ಲಿಷಿನವರು ಹಳೆಯ ಫ್ರೆಂಚಿನಿಂದ ತೆಗೆದುಕೊಂಡ 'ಟ್ರೆಸ್‌ಪಾಸ್' ಪರರ ಜಮೀನಿಗೆ ಕಾಲಿಡುವುದಾಯಿತು. ಅದೇ ಪದ ಫ್ರೆಂಚಿನಲ್ಲೇ ಉಳಿದು 'ತ್ರೆಪಾಸೆ', ಅಂದರೆ ಸಾಯುವುದು, ಆಯಿತು. ಇವನ್ನು ಒಂದೇ ಸಾಲಿನಲ್ಲಿ ಹೇಗೆ ಬರೆಯುತ್ತೀರಿ?

ಅದಾದ ಮೇಲೆ ಬಂದ ಏಪ್ರಿಲ್ 13, ಥಾಯ್ ಹೊಸ ವರ್ಷದ ಸಾಂಗ್‌ಕ್ರಾನ್ ಹಬ್ಬ. ಅವತ್ತು ಹಿರಿಯರ ಅಂಗೈ ಮೇಲೆ ಪರಿಮಳದ ನೀರು ಸುರಿದು ಕ್ಷಮೆ ಕೇಳುವ ರೂಢಿ ಇದೆ. ಮಲ್ಲಿಗೆ ಹಾರ ಹಿಡಿದು ಆ ಗೆಸ್ಟ್‌ಹೌಸಿಗೆ ಹೋದೆ. ಒಡತಿ ಸುಮ್ಮನೆ ಎರಡೂ ಕೈ ಮುಂದೆ ಚಾಚಿದರು. ನೀರು ಬಿಡುತ್ತಾ, ಮೈಯಿಂದ, ಮಾತಿನಿಂದ, ಮನಸ್ಸಿನಿಂದ ನಿಮಗೆ ಲುವಂಗ್ ಕೇನ್ ಮಾಡಿದ್ದರೆ ಕ್ಷಮಿಸಿ ಅಂದೆ. ಆ ಪದ ಅಲ್ಲಿ ಸರಿಯಾಗಿತ್ತು.