ಐದನೇ ವಾರದಲ್ಲಿ ಮೊಟ್ಟೆ ಏಕೆ ಇಳಿಯುತ್ತಿಲ್ಲ?

ಓದುಗರೊಬ್ಬರ ಪತ್ರದ ಸಾರ: ತೂಕ ಇಳಿಸಲು ಸ್ಲೀವ್ ಸರ್ಜರಿ (ಜಠರದ ಬಹುಭಾಗವನ್ನು ಕತ್ತರಿಸಿ ತೆಗೆಯುವ ಆಪರೇಷನ್) ಮಾಡಿಸಿಕೊಂಡು ಇದು ಐದನೇ ವಾರ. ದ್ರವಾಹಾರ ಇದ್ದಷ್ಟು ದಿನ ಏನೂ ತೊಂದರೆ ಇರಲಿಲ್ಲ. ಮೆತ್ತನೆಯ ಆಹಾರ ಶುರುವಾದ ಮೇಲೆ ಬೇಯಿಸಿದ ಮೊಟ್ಟೆ, ಕೋಳಿ ಮಾಂಸ ಎದೆಯಲ್ಲೇ ಸಿಕ್ಕಿಕೊಂಡಂತಾಗಿ ಬಾಯಿ ತುಂಬ ನೊರೆ ಬರುತ್ತದೆ, ಕೆಲವೊಮ್ಮೆ ವಾಂತಿಯೂ ಆಗುತ್ತದೆ. ಹಸಿವು ಎಂಬುದೇ ಇಲ್ಲ, ಹಾಗಾಗಿ ಮಧ್ಯಾಹ್ನದ ಊಟ ಬಿಟ್ಟುಬಿಡುತ್ತೇನೆ. ತೂಕ ಇನ್ನೂ ಬೇಗ ಇಳಿಯಲಿ ಎಂಬ ಆಸೆಯೂ ಇದೆ. ಆದರೆ ಒಂಬತ್ತು ದಿನದಿಂದ ತೂಕದ ಮುಳ್ಳು ಕದಲಿಲ್ಲ. ಮನೆಯವರು ‘ಇಷ್ಟೇ ತಿಂದರೆ ಬದುಕುವುದು ಹೇಗೆ’ ಎಂದು ಗದರುತ್ತಾರೆ. ವಿಟಮಿನ್ ಮಾತ್ರೆ ಹೊಟ್ಟೆ ತೊಳಸುತ್ತದೆಂದು ನಿಲ್ಲಿಸಿದ್ದೇನೆ.

ಮಾನ್ಯರೇ,

ಕೊನೆಗೆ ಒಂದೇ ಸಾಲಿನಲ್ಲಿ ಬರೆದು ಮುಗಿಸಿದ್ದೀರಲ್ಲ, ಮಾತ್ರೆ ನಿಲ್ಲಿಸಿದ ವಿಷಯ, ಮೊದಲು ಅದನ್ನೇ ಎತ್ತಿಕೊಳ್ಳುತ್ತೇವೆ. ಮೊಟ್ಟೆ ಸಿಕ್ಕಿಕೊಳ್ಳುವುದಕ್ಕೆ ಉಪಾಯವಿದೆ. ತೂಕ ನಿಂತಿರುವುದು ಕಾಯಿಲೆಯಲ್ಲ. ಆದರೆ ಊಟ ಬಿಡುವುದು, ಆಗಾಗ ವಾಂತಿ, ಮಾತ್ರೆಗೆ ವಿರಾಮ, ಈ ಮೂರೂ ಒಟ್ಟಿಗೆ ಬಂದರೆ ಅದನ್ನು ಹಗುರವಾಗಿ ನೋಡುವ ಹಾಗಿಲ್ಲ.

ಒಂದು ಲೆಕ್ಕ ತಿಳಿದುಕೊಂಡರೆ ಉಳಿದ ಪ್ರಶ್ನೆಗಳಿಗೂ ಅರ್ಧ ಉತ್ತರ ಸಿಕ್ಕಂತೆ. ಮೈಯಲ್ಲಿರುವ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಇರುತ್ತದೆ. ತಟ್ಟೆಯಲ್ಲಿ ಕಡಿಮೆ ಬಿದ್ದ ಶಕ್ತಿಯನ್ನು ದೇಹ ಆ ದಾಸ್ತಾನಿನಿಂದ ತೆಗೆದುಕೊಳ್ಳುತ್ತದೆ, ಆಪರೇಷನ್ ಮಾಡಿಸಿಕೊಂಡಿದ್ದೂ ಅದಕ್ಕೇ. ನಿಮ್ಮ ಮನೆಯವರ ಪ್ರಶ್ನೆಗೆ ಇದೇ ಉತ್ತರ. ಆದರೆ ನೀರು, ಪ್ರೋಟೀನ್, ವಿಟಮಿನ್ ಮತ್ತು ಖನಿಜಗಳನ್ನು ಕೊಬ್ಬು ಕೊಡಲಾರದು. ಅವೆಲ್ಲ ದಿನದಿನವೂ ಬಾಯಿಂದಲೇ ಒಳಗೆ ಹೋಗಬೇಕು. ಮನೆಯವರು ಗದರಬೇಕೆಂದಿದ್ದರೆ ಅನ್ನ ಕಡಿಮೆ ತಿಂದದ್ದಕ್ಕಲ್ಲ, ಮಾತ್ರೆ ಬಿಟ್ಟದ್ದಕ್ಕೆ ಗದರಲಿ.

ಬಿ1, ಅಂದರೆ ಥಯಾಮಿನ್, ದೇಹದಲ್ಲಿ ಹೆಚ್ಚು ಶೇಖರವಾಗುವುದಿಲ್ಲ. ಒಳಗೆ ಬರುವುದು ನಿಂತರೆ ಎರಡು–ಮೂರು ವಾರಗಳಲ್ಲೇ ಬರಿದಾಗುತ್ತದೆ, ವಾಂತಿ ಇದ್ದರೆ ಇನ್ನೂ ಬೇಗ. ಆಗ ಪಾದಗಳಲ್ಲಿ ಜುಮುಗುಟ್ಟುವಿಕೆ, ನಡೆಯುವಾಗ ತೂರಾಟ, ಒಂದು ವಸ್ತು ಎರಡಾಗಿ ಕಾಣುವುದು, ಮನಸ್ಸಿಗೆ ಮಂಕು ಕವಿಯುವುದು ಶುರುವಾಗುತ್ತದೆ. ತಡವಾದರೆ ಮಿದುಳಿಗೆ ಆದ ಹಾನಿ ಪೂರ್ತಿ ಸರಿಹೋಗದೇ ಉಳಿಯಬಹುದು. ಇಲ್ಲೊಂದು ಎಚ್ಚರಿಕೆ ಮನೆಯವರಿಗೂ ಗೊತ್ತಿರಲಿ. ವಾಂತಿಯಿಂದ ಸುಸ್ತಾಗಿ ತುರ್ತು ಚಿಕಿತ್ಸೆಗೆ ಹೋದರೆ, ಡ್ರಿಪ್ ಹಾಕುವ ಮೊದಲೇ ಸ್ಲೀವ್ ಸರ್ಜರಿ ಆಗಿದೆ ಎಂದು ಹೇಳಿ. ಥಯಾಮಿನ್ ಕೊರತೆ ಇರುವಾಗ ಅದನ್ನು ಕೊಡದೆ ಗ್ಲೂಕೋಸ್ ಏರಿಸಿದರೆ ಸ್ಥಿತಿ ಬಿಗಡಾಯಿಸುತ್ತದೆ.

ಹೊಟ್ಟೆ ತೊಳಸಲು ಕಾರಣ ಬಹುತೇಕ ಮಾತ್ರೆಯಲ್ಲಿರುವ ಕಬ್ಬಿಣ, ಅದರಲ್ಲೂ ಖಾಲಿ ಹೊಟ್ಟೆಯಲ್ಲಿ ನುಂಗಿದಾಗ. ಅಗಿಯುವ ಅಥವಾ ದ್ರವರೂಪದ ಮಲ್ಟಿವಿಟಮಿನ್‌ಗೆ ಬದಲಿಸಿಕೊಂಡು, ದಿನದ ಪ್ರಮಾಣವನ್ನು ಎರಡು ಭಾಗ ಮಾಡಿ, ತುಸು ತಿಂದ ಮೇಲೆ ತೆಗೆದುಕೊಂಡರೆ ಹೆಚ್ಚಿನವರಿಗೆ ಸರಿಹೋಗುತ್ತದೆ. ರುಚಿಗೆ ಮನಸೋತು ಜೆಲ್ಲಿಯಂಥ ಗಮ್ಮಿಗಳಿಗೆ ಹೋಗಬೇಡಿ, ಅವುಗಳಲ್ಲಿ ಸಾಮಾನ್ಯವಾಗಿ ಕಬ್ಬಿಣವೇ ಇರುವುದಿಲ್ಲ. ದಿನಕ್ಕೆ ಬೇಕಾದದ್ದು ಥಯಾಮಿನ್ ಕನಿಷ್ಠ 12 ಮಿ.ಗ್ರಾಂ., ಬಿ12 350ರಿಂದ 1,000 ಮೈಕ್ರೋಗ್ರಾಂ, ಡಿ ವಿಟಮಿನ್ 3,000 ಐಯು, ಕ್ಯಾಲ್ಸಿಯಂ 1,200ರಿಂದ 1,500 ಮಿ.ಗ್ರಾಂ. ಕಬ್ಬಿಣ ಗಂಡಸರಿಗೆ 18 ಮಿ.ಗ್ರಾಂ., ಮುಟ್ಟಾಗುವ ಹೆಂಗಸರಿಗೆ 45ರಿಂದ 60 ಮಿ.ಗ್ರಾಂ. ಇವು ಸಾಮಾನ್ಯ ಮಟ್ಟಗಳು. ನಿಮ್ಮ ರಕ್ತದ ವರದಿ ನೋಡಿ ವೈದ್ಯರು ಹೆಚ್ಚುಕಡಿಮೆ ಮಾಡುತ್ತಾರೆ. ಕ್ಯಾಲ್ಸಿಯಂ ಅನ್ನು ಒಮ್ಮೆಗೆ 500–600 ಮಿ.ಗ್ರಾಂ. ಮೀರಿ ತೆಗೆದುಕೊಂಡರೆ ದೇಹ ಹೀರಿಕೊಳ್ಳುವುದಿಲ್ಲ, ಅದಕ್ಕೇ ಎರಡು–ಮೂರು ಸಲ ಹಂಚಬೇಕು. ಜಠರದ ಆಮ್ಲ ಕಡಿಮೆಯಾಗಿರುವಾಗ ಕಾರ್ಬೊನೇಟ್‌ಗಿಂತ ಸಿಟ್ರೇಟ್ ರೂಪವೇ ಮೇಲು. ಕಬ್ಬಿಣಕ್ಕೂ ಕ್ಯಾಲ್ಸಿಯಂಗೂ ನಡುವೆ ಎರಡು ಗಂಟೆ ಅಂತರ ಇರಲಿ, ಒಟ್ಟಿಗೆ ಹೋದರೆ ಕಬ್ಬಿಣ ಸೇರುವುದಿಲ್ಲ. ಎಷ್ಟು ದಿನ ಎಂದರೆ, ಜೀವನಪೂರ್ತಿ. ಬಿ12ರ ದಾಸ್ತಾನು ಯಕೃತ್ತಿನಲ್ಲಿ ವರ್ಷಗಟ್ಟಲೆ ಉಳಿಯುವುದರಿಂದ, ಬಿಟ್ಟವರಿಗೆ ಮೊದಲ ವರ್ಷ ಏನೂ ಆಗದಂತೆ ಕಂಡು ಆಮೇಲೆ ಪೆಟ್ಟು ಬೀಳುತ್ತದೆ.

ಇನ್ನು ಮೊಟ್ಟೆ. ಸ್ಲೀವ್ ಸರ್ಜರಿಯಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ, 100ರಿಂದ 150 ಮಿ.ಲೀ. ಹಿಡಿಯುವ ನಳಿಕೆ. ಊಟ ಬಂದಾಗ ಹಿಗ್ಗಿ ಜಾಗ ಮಾಡಿಕೊಡುತ್ತಿದ್ದ ಮೇಲ್ಭಾಗವೇ ಈಗ ಇಲ್ಲ, ಕೆಳಗಿನ ಬಾಗಿಲು ಮಾತ್ರ ಮೊದಲಿನಂತೆಯೇ ಬಿಗಿ. ಹೀಗಾಗಿ ಒಳಗಿನ ಒತ್ತಡ ಹೆಚ್ಚು. ಸ್ಟೇಪಲ್ ಹಾಕಿದ ಅಂಚಿನ ಊತವೂ ಐದನೇ ವಾರಕ್ಕೆ ಪೂರ್ತಿ ಇಳಿದಿರುವುದಿಲ್ಲ. ದ್ರವ ಸರಾಗವಾಗಿ ಜಾರಿತು. ಒಣಗಿದ, ಗಟ್ಟಿಯಾದ ಪ್ರೋಟೀನ್ ಜಾರುವುದಿಲ್ಲ. ಗಟ್ಟಿಯಾಗಿ ಬೇಯಿಸಿದ ಮೊಟ್ಟೆ, ಕೋಳಿಯ ಎದೆಭಾಗ, ನಿನ್ನೆ ಬೇಯಿಸಿ ಇಂದು ಮತ್ತೆ ಬಿಸಿ ಮಾಡಿದ ಮಾಂಸ, ಇವು ಮೂರೂ ಈ ಹಂತದ ಕುಖ್ಯಾತ ಆಸಾಮಿಗಳು. ಮೆತ್ತನೆಯ ಬ್ರೆಡ್ ಕೂಡ ಒಳಗೆ ಹೋಗಿ ಹಿಟ್ಟಿನ ಮುದ್ದೆಯಾಗುತ್ತದೆ. ಸಿಕ್ಕಿಕೊಂಡದ್ದನ್ನು ಜಾರಿಸಲು ಬಾಯಿ ಮತ್ತು ಅನ್ನನಾಳ ಜೊಲ್ಲು, ಲೋಳೆ ಸುರಿಸುತ್ತವೆ, ಕೆಳಗೆ ದಾರಿಯಿಲ್ಲದೆ ಅದೇ ನೊರೆಯಾಗಿ ಮೇಲೆ ಬರುತ್ತದೆ. ಆಗ ನೀರು ಕುಡಿದು ತಳ್ಳಲು ಹೋಗಬೇಡಿ, ನೀರು ಆ ಗಂಟಿನ ಮೇಲೆಯೇ ನಿಂತು ನೋವು ಹೆಚ್ಚಿಸುತ್ತದೆ. ತಿನ್ನುವುದು ನಿಲ್ಲಿಸಿ, ಎದ್ದು ನಿಧಾನ ಓಡಾಡಿ, ಬಂದ ನೊರೆಯನ್ನು ಉಗುಳಿ. ವಾಂತಿಯಾದರೆ ಮುಂದಿನ 24 ಗಂಟೆ ದ್ರವಾಹಾರಕ್ಕೆ ಮರಳಿ. ಕೆರಳಿದ ಜಾಗ ಮತ್ತೆ ಊದಿಕೊಂಡಿರುತ್ತದೆ, ಅದೇ ದಿನ ಮತ್ತೆ ಪ್ರಯತ್ನಿಸಿದವರಿಗೆ ಎರಡನೇ ವಾಂತಿ ಖಚಿತ.

ಎರಡು–ಮೂರು ದಿನ ನುಣ್ಣಗೆ ಅರೆದ ಆಹಾರಕ್ಕೆ ಹಿಂತಿರುಗಿ, ಆಮೇಲೆ ಮತ್ತೆ ಮೇಲೇರಿ. ಮೊದಲು ಮೊಸರು, ಬಳಿಕ ನುಣ್ಣಗೆ ಬೆಂದ ಬೇಳೆ, ಹಾಲು ಬೆರೆಸಿ ಸಣ್ಣ ಉರಿಯಲ್ಲಿ ಕಲಕಿ ತೇವ ಇರುವಾಗಲೇ ಇಳಿಸಿದ ಮೊಟ್ಟೆ, ಹಬೆಯಲ್ಲಿ ಬೇಯಿಸಿದ ಮೀನು, ಕಟ್ಟಕಡೆಗೆ ರಸದಲ್ಲಿ ನೆನೆದ ಕೋಳಿಯ ಕೈಮಾ. ತುತ್ತು ಬಟಾಣಿ ಕಾಳಿಗಿಂತ ದೊಡ್ಡದಿರಬಾರದು. 20–30 ಸಲ ಅಗಿದು, ನುಂಗಿ, ಚಮಚ ಕೆಳಗಿಟ್ಟು ಒಂದು ನಿಮಿಷ ಕಾಯಿರಿ. ಊಟ ಅರ್ಧ ಗಂಟೆಗೆ ಮುಗಿಯಲಿ, ಅದನ್ನು ಮೀರಿ ಎಳೆಯುವುದೂ ಬೇಡ. ಈಗ ಒಂದು ಊಟಕ್ಕೆ ಮೂರು–ನಾಲ್ಕು ದೊಡ್ಡ ಚಮಚ ಸಾಕು. ‘ಹೊಟ್ಟೆ ತುಂಬಿತು’ ಎಂಬ ಹಳೆಯ ಭಾವನೆಗಾಗಿ ಕಾಯಬೇಡಿ, ಆ ಸೂಚನೆ ಈಗ ಬೇರೆ ವೇಷದಲ್ಲಿ ಬರುತ್ತದೆ: ಒಂದು ಬಿಕ್ಕಳಿಕೆ, ಮೂಗಿನಲ್ಲಿ ನೀರು, ಸೀನು, ಎದೆಮೂಳೆಯ ಕೆಳಗೆ ಸಣ್ಣ ಒತ್ತಡ. ಅದು ಬಂದಾಗ ಬಾಯಲ್ಲಿರುವ ತುತ್ತನ್ನೂ ಉಗುಳಿಬಿಡಿ. ಅನ್ನ ಚೆಲ್ಲಬಾರದೆಂದು ಬೆಳೆದವರಿಗೆ ಇದು ಕಷ್ಟ, ನಿಜ. ಅದಕ್ಕೇ ಬಡಿಸಿಕೊಳ್ಳುವಾಗಲೇ ಸಣ್ಣ ಬಟ್ಟಲು ಹಿಡಿಯಬೇಕು.

ಆಹಾರದ ಹಂತಗಳ ಅವಧಿ ಆಸ್ಪತ್ರೆಯಿಂದ ಆಸ್ಪತ್ರೆಗೆ ತುಸು ಬದಲಾಗುತ್ತದೆ. ಸಾಮಾನ್ಯವಾಗಿ ಎರಡು ವಾರ ದ್ರವ, ನಾಲ್ಕನೇ ವಾರದವರೆಗೆ ಅರೆದದ್ದು, ಅಲ್ಲಿಂದ ಆರನೇ ಅಥವಾ ಎಂಟನೇ ವಾರದವರೆಗೆ ಮೆತ್ತನೆಯದು, ಆಮೇಲೆ ಎಲ್ಲರಂತೆ. ಹಿಂದೆ ಬಿದ್ದರೆ ನಷ್ಟವಿಲ್ಲ, ಮುಂದೆ ಓಡಿದರೆ ಇದೆ.

ನೀರಿನ ಬಗ್ಗೆ ನೀವು ಏನೂ ಬರೆದಿಲ್ಲ. ಆಪರೇಷನ್ ಆದವರು ಮತ್ತೆ ಆಸ್ಪತ್ರೆ ಸೇರುವುದಕ್ಕೆ ನೀರಿನ ಕೊರತೆ ಒಂದು ದೊಡ್ಡ ಕಾರಣ. ದಿನಕ್ಕೆ ಕನಿಷ್ಠ ಒಂದೂವರೆ ಲೀಟರ್ ಬೇಕು, ಗಟಗಟ ಕುಡಿಯಲು ಜಾಗವಿಲ್ಲ. 30 ಮಿ.ಲೀ.ಯ ಸಣ್ಣ ಲೋಟ ಇಟ್ಟುಕೊಂಡು ಕಾಲು ಗಂಟೆಗೊಮ್ಮೆ ಗುಟುಕರಿಸಿದರೆ 12 ಗಂಟೆಗೆ 1,440 ಮಿ.ಲೀ. ಆಯಿತು. ನಡುವೆ ಊಟದ ಹೊತ್ತು ಕಳೆಯುವುದರಿಂದ ಬೆಳಿಗ್ಗೆ ಎದ್ದ ಕೂಡಲೇ ಶುರು ಮಾಡಬೇಕು. ಊಟದ ಜೊತೆ ನೀರು ಬೇಡ, ಊಟವಾದ ಮೇಲೂ ಅರ್ಧ ಗಂಟೆ ಬೇಡ. ಈಗ ಅದು ಜಾಗ ಕಿತ್ತುಕೊಂಡು ವಾಂತಿ ತರಿಸುತ್ತದೆ. ಮುಂದೆ ಆಹಾರವನ್ನು ಬೇಗ ತೊಳೆದುಕೊಂಡು ಹೋಗಿ, ಹೆಚ್ಚು ತಿನ್ನಲು ದಾರಿ ಮಾಡಿಕೊಡುತ್ತದೆ. ಮೂತ್ರ ಗಾಢ ಹಳದಿಯಾಗಿದ್ದರೆ ನೀರು ಸಾಲದು ಎಂದೇ ಅರ್ಥ. ಗ್ಯಾಸ್ ತುಂಬಿದ ಪಾನೀಯಗಳ ಹತ್ತಿರ ಹೋಗಬೇಡಿ.

ಹಸಿವಿಲ್ಲದಿರುವುದು ಸಹಜ. ಹಸಿವು ಹುಟ್ಟಿಸುವ ಘ್ರೆಲಿನ್ ಹಾರ್ಮೋನಿನ ಬಹುಪಾಲು ತಯಾರಾಗುತ್ತಿದ್ದದ್ದು ಕತ್ತರಿಸಿ ತೆಗೆದ ಭಾಗದಲ್ಲೇ. ತಿಂಗಳುಗಳು ಕಳೆದಂತೆ ಹಸಿವು ಸ್ವಲ್ಪ ಸ್ವಲ್ಪವಾಗಿ ಮರಳುತ್ತದೆ. ಅಲ್ಲಿಯವರೆಗೆ ಗಡಿಯಾರ ನೋಡಿಯೇ ತಿನ್ನಬೇಕು. ಊಟ ಬಿಟ್ಟರೆ ತೂಕ ಬೇಗ ಇಳಿಯಬಹುದು, ಆದರೆ ಇಳಿಯುವುದರಲ್ಲಿ ಸ್ನಾಯುವಿನ ಪಾಲು ಹೆಚ್ಚಾಗುತ್ತದೆ, ಅದು ನಿಮಗೆ ಬೇಡದ ಇಳಿತ. ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನ್ ಗುರಿ. ದೊಡ್ಡದಾಗಿ ಕಾಣುತ್ತದೆ, ಆದರೆ ಲೆಕ್ಕ ನೋಡಿ. 25 ಗ್ರಾಂ ಪ್ರೋಟೀನ್ ಕೊಡುವ ವೇ (ಹಾಲಿನಿಂದ ತೆಗೆದ ಪ್ರೋಟೀನ್) ಪುಡಿಯನ್ನು 250 ಮಿ.ಲೀ. ಹಾಲಿಗೆ ಬೆರೆಸಿದರೆ 33 ಗ್ರಾಂ. ಅದನ್ನು ಬೆಳಿಗ್ಗೆ ಅರ್ಧ, ಸಂಜೆ ಅರ್ಧ ಮಾಡಿ ಗುಟುಕರಿಸಿ. ಒಂದು ಮೊಟ್ಟೆ 6, ಬೆಂದ ಮೀನು 50 ಗ್ರಾಂ ಎಂದರೆ ಸುಮಾರು 11, ನೀರು ಬಸಿದ ಗಟ್ಟಿ ಮೊಸರು 100 ಗ್ರಾಂ ಎಂದರೆ ಸುಮಾರು 9. ಒಟ್ಟು 59. ಹಾಲು ಹೊಟ್ಟೆಯುಬ್ಬರ ತಂದರೆ ಲ್ಯಾಕ್ಟೋಸ್ (ಹಾಲಿನ ಸಕ್ಕರೆ) ಇಲ್ಲದ ಹಾಲು, ಆ ಸಕ್ಕರೆಯನ್ನು ಬಹುತೇಕ ತೆಗೆದ ವೇ ಐಸೊಲೇಟ್ ಹಿಡಿಯಿರಿ. ತಟ್ಟೆಯಲ್ಲಿ ಮೊದಲು ಪ್ರೋಟೀನ್, ಆಮೇಲೆ ತರಕಾರಿ, ಜಾಗ ಉಳಿದರೆ ಅನ್ನ. ಮೂರರಿಂದ ಆರನೇ ತಿಂಗಳ ನಡುವೆ ಕೂದಲು ಉದುರಬಹುದು. ತೂಕ ವೇಗವಾಗಿ ಇಳಿದಾಗ ಎಲ್ಲ ಸರಿಯಾಗಿ ಮಾಡಿದವರಿಗೂ ಉದುರುತ್ತದೆ, ಮತ್ತೆ ಬರುತ್ತದೆ. ಪ್ರೋಟೀನ್, ಕಬ್ಬಿಣ ಬಿಟ್ಟವರಿಗೆ ಹೆಚ್ಚು ಉದುರುತ್ತದೆ.

ತೂಕ ನಿಂತದ್ದಕ್ಕೆ ಕಾರಣ ನೀರು. ಮೊದಲ ವಾರಗಳಲ್ಲಿ ದೇಹ ತಾನು ಕೂಡಿಟ್ಟ ಸಕ್ಕರೆಯಾದ ಗ್ಲೈಕೊಜನ್ ಖರ್ಚು ಮಾಡುತ್ತದೆ, ಅದರ ಒಂದೊಂದು ಗ್ರಾಂಗೂ ಸುಮಾರು ಮೂರು ಗ್ರಾಂ ನೀರು ಅಂಟಿಕೊಂಡಿರುತ್ತದೆ. ಹಾಗಾಗಿ ಮುಳ್ಳು ಜೋರಾಗಿ ಇಳಿಯುತ್ತದೆ. ಆಹಾರ ಹೆಚ್ಚಾದಾಗ ಅದೇ ನೀರು ಮರಳಿ ಬಂದು, ಕರಗುತ್ತಿರುವ ಕೊಬ್ಬನ್ನು ಮರೆಮಾಡುತ್ತದೆ. ಒಂದೆರಡು ವಾರ, ಕೆಲವರಿಗೆ ಮೂರು ವಾರ. ವಾರಕ್ಕೊಮ್ಮೆ ಮಾತ್ರ ತೂಕ ನೋಡಿ, ಸೊಂಟದ ಸುತ್ತಳತೆಯನ್ನೂ ಬರೆದಿಡಿ. ಇಳಿತ 12ರಿಂದ 18 ತಿಂಗಳವರೆಗೆ ನಡೆಯುವ ಕೆಲಸ.

ಇದೇ ಹೊತ್ತಿನಲ್ಲಿ ಒಂದು ಬಲೆ ಕಾದಿರುತ್ತದೆ. ಮೊಟ್ಟೆ ಸಿಕ್ಕಿಕೊಳ್ಳುತ್ತದೆ, ಬಿಸ್ಕತ್ತು, ಚಿಪ್ಸ್, ಐಸ್‌ಕ್ರೀಮ್ ಸಲೀಸಾಗಿ ಇಳಿಯುತ್ತವೆ. ‘ಇದಾದರೂ ಹೊಟ್ಟೆಯಲ್ಲಿ ನಿಲ್ಲುತ್ತದಲ್ಲ’ ಎಂದು ಹಿಡಿದವರು ಎರಡನೇ ವರ್ಷ ತೂಕ ಮರಳಿ ಬಂತೆಂದು ಕೊರಗುತ್ತಾರೆ. ಆ ತಿಂಡಿಗಳು ನಳಿಕೆಯಲ್ಲಿ ನಿಲ್ಲುವುದೇ ಇಲ್ಲ, ಆದ್ದರಿಂದ ತಡೆಯೂ ಇಲ್ಲ.

ತೂಕ ಇಳಿಸಲು ಜಠರದ ಬೈಪಾಸ್ (ಹೃದಯದ್ದಲ್ಲ) ಮಾಡಿಸಿಕೊಂಡ ಓದುಗರಿಗೆ ಎರಡು ಮಾತು. ಸಿಹಿ ತಿಂದ 10–30 ನಿಮಿಷದಲ್ಲಿ ಎದೆಬಡಿತ, ಬೆವರು, ಭೇದಿಯಾದರೆ ಅದು ಡಂಪಿಂಗ್, ಅಂದರೆ ಆಹಾರ ತೀರಾ ಬೇಗ ಕರುಳಿಗೆ ಇಳಿದುಬಿಡುವುದು. ಒಂದರಿಂದ ಮೂರು ಗಂಟೆಯ ನಂತರ ನಡುಕ, ತಲೆಸುತ್ತು ಬಂದರೆ ರಕ್ತದ ಸಕ್ಕರೆ ಕುಸಿದಿರಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆಗಳು, ಸಿಗರೇಟು, ಎರಡೂ ಜಠರವನ್ನು ಕರುಳಿಗೆ ಜೋಡಿಸಿದ ಜಾಗದಲ್ಲಿ ಹುಣ್ಣು ಮಾಡುತ್ತವೆ. ಸ್ಲೀವ್ ಆದವರೂ ವೈದ್ಯರನ್ನು ಕೇಳದೆ ಇವನ್ನು ಮುಟ್ಟಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡಕ್ಕೆ ಔಷಧಿ ಇದ್ದರೆ ಹಳೆಯ ಪ್ರಮಾಣ ಈಗ ಹೆಚ್ಚಾಗಿರಬಹುದು, ಮರುಪರಿಶೀಲನೆ ಆಗಲೇಬೇಕು.

ಕಾಯಬಾರದ ಸಂದರ್ಭಗಳನ್ನು ಸ್ಪಷ್ಟವಾಗಿ ಹೇಳುತ್ತೇವೆ. ಕಳೆದ ವಾರ ಗಂಟಲಿನಿಂದ ಇಳಿಯುತ್ತಿದ್ದ ಆಹಾರ ಈ ವಾರ ಇಳಿಯದೆ, ಕ್ರಮೇಣ ದ್ರವವೂ ವಾಂತಿಯಾದರೆ ನಳಿಕೆ ಕಿರಿದಾಗಿರಬಹುದು. ಎಂಡೊಸ್ಕೋಪಿಯಲ್ಲಿ ನೋಡಿ ಬಲೂನಿನಿಂದ ಹಿಗ್ಗಿಸುತ್ತಾರೆ. 24 ಗಂಟೆ ನೀರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೋಗಬೇಕು. ವಿಶ್ರಾಂತಿಯಲ್ಲಿದ್ದಾಗಲೂ ನಾಡಿ 120 ದಾಟುವುದು, ಜ್ವರ, ಎಡ ಭುಜಕ್ಕೆ ಹರಡುವ ನೋವು ಹೊಲಿಗೆಯಿಂದ ಸೋರಿಕೆಯ ಲಕ್ಷಣಗಳಿರಬಹುದು, ಒಂದು ಗಂಟೆಯೂ ತಡ ಮಾಡಬಾರದು. ಮೀನಖಂಡ ಊದಿ ನೋಯುವುದು, ದಿಢೀರ್ ಉಸಿರುಕಟ್ಟುವುದು ರಕ್ತ ಹೆಪ್ಪುಗಟ್ಟಿದ್ದರಿಂದ ಇರಬಹುದು, ಅದಕ್ಕೂ ಇದೇ ಮಾತು. ಬಲ ಪಕ್ಕೆಲುಬಿನ ಕೆಳಗೆ ಊಟದ ನಂತರ ಹಿಂಡುವ ನೋವು ಪಿತ್ತಕೋಶದ ಕಲ್ಲಿನದ್ದಿರಬಹುದು. ತೂಕ ಬೇಗ ಇಳಿಯುವವರಲ್ಲಿ ಕಲ್ಲು ಸಾಮಾನ್ಯ.

ನಾಳೆ ಬೆಳಿಗ್ಗೆ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ. ಮಾತ್ರೆ ನಿಲ್ಲಿಸಿ ಎಷ್ಟು ದಿನವಾಯಿತು, ವಾರಕ್ಕೆ ಎಷ್ಟು ಸಲ ವಾಂತಿಯಾಗುತ್ತದೆ, ಇವೆರಡನ್ನೂ ಮುಚ್ಚಿಡದೆ ಹೇಳಿ, ಥಯಾಮಿನ್ ಪ್ರತ್ಯೇಕವಾಗಿ ಬೇಕೇ ಎಂದು ನೀವಾಗಿಯೇ ಕೇಳಿ. ಮೂರನೇ ತಿಂಗಳ ರಕ್ತ ಪರೀಕ್ಷೆಯ ದಿನವನ್ನೂ ಅದೇ ಫೋನಿನಲ್ಲಿ ಗೊತ್ತುಮಾಡಿಕೊಳ್ಳಿ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಫೋಲೇಟ್, ಡಿ ವಿಟಮಿನ್, ಕ್ಯಾಲ್ಸಿಯಂ, ಆಲ್ಬುಮಿನ್ ಅದರಲ್ಲಿರಲಿ. ಬಳಿಕ ಆರನೇ ತಿಂಗಳು, ಹನ್ನೆರಡನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ.

– ಸಂಪಾದಕರು