1944ರ ಫೋರ್ಡ್ ಜೀಪಿನ ಗ್ಲೋವ್‌ಬಾಕ್ಸ್ ಮೇಲಿನ ಪ್ಲೇಟು ಅಸಲಿಯೋ ನಕಲಿಯೋ ಎಂದು ತಿಳಿಯುವುದು ಹೇಗೆ?

ಪ್ಲೇಟಿನ ಮೇಲಿನ ಸಂಖ್ಯೆಯೂ ಆರ್‌ಸಿಯಲ್ಲಿರುವ ಚಾಸಿಸ್ ಸಂಖ್ಯೆಯೂ ಒಂದೇ ಆಗಿವೆ, ಆದರೆ ಪ್ಲೇಟು ವಯಸ್ಸಿಗೆ ಮೀರಿದ ಹೊಳಪಿನಿಂದ ಕಾಣುತ್ತಿದೆ ಎಂದು ನೀವು ಬರೆದಿದ್ದೀರಿ. ನಾನು ಕೊಂಡ ಜೀಪಿನಲ್ಲೂ ಎರಡು ಸಂಖ್ಯೆಗಳು ಅಂಕಿಗೆ ಅಂಕಿ ಹೊಂದುತ್ತಿದ್ದವು, ಮತ್ತು ನಾನು ಮುಳುಗಿದ್ದು ಆ ಹೊಂದಾಣಿಕೆಯನ್ನು ನಂಬಿಯೇ.

ಚಿಕ್ಕಮಗಳೂರಿನ ಕಡೆಯ ಕಾಫಿ ತೋಟವೊಂದರ ಶೆಡ್ಡಿನಲ್ಲಿ ವರ್ಷಗಟ್ಟಲೆ ನಿಂತಿದ್ದ ಜೀಪು ಅದು. ತೋರಿಸಿದ ಬ್ರೋಕರ್ ಎಂಜಿನ್ನಿನ ಬಗ್ಗೆಯಾಗಲಿ ಚಾಸಿಸ್ಸಿನ ಬಗ್ಗೆಯಾಗಲಿ ಒಂದು ಮಾತೂ ಆಡದೆ ನೇರವಾಗಿ ಗ್ಲೋವ್‌ಬಾಕ್ಸ್ ಮುಚ್ಚಳದತ್ತ ಬೆರಳು ತೋರಿಸಿದರು. ಮೂರು ಪ್ಲೇಟುಗಳಿದ್ದವು. ಒಂದರಲ್ಲಿ ಫೋರ್ಡ್ ಕಂಪನಿಯ ಹೆಸರು, ಸಂಖ್ಯೆ, ಅಮೆರಿಕದ ಪದ್ಧತಿಯಂತೆ ತಿಂಗಳನ್ನು ಮೊದಲು ಬರೆದ 1944ರ ಡೆಲಿವರಿ ದಿನಾಂಕ ಎಲ್ಲವೂ ಇದ್ದವು. ನಾನು ಜೇಬಿನಿಂದ ಆರ್‌ಸಿಯ ಜೆರಾಕ್ಸ್ ತೆಗೆದು ಒಂದೊಂದೇ ಅಂಕಿಯನ್ನು ಬೆರಳಿಟ್ಟು ಓದಿದೆ, ಹೊಂದಿತು, ಅಡ್ವಾನ್ಸ್ ಕೊಟ್ಟೆ. ಬಾನೆಟ್ ಎತ್ತಿದ್ದು ಅದಾದ ಮೇಲೆ.

ಈ ತಪ್ಪನ್ನು ನಾನು ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ನೀವೂ ಈಗ ಅದೇ ಜಾಗದಲ್ಲಿ ನಿಂತಿದ್ದೀರಿ. ಪ್ಲೇಟು ಒಂದು ಸಾಕ್ಷಿ, ಆರ್‌ಸಿ ಇನ್ನೊಂದು ಸಾಕ್ಷಿ, ಎರಡೂ ಒಂದೇ ಮಾತು ಹೇಳುತ್ತಿರುವುದರಿಂದ ಅದು ನಿಜ ಎಂದು ನಾನು ಲೆಕ್ಕ ಹಾಕಿದ್ದೆ. ಆದರೆ ಯುದ್ಧಕಾಲದ ಜೀಪುಗಳ ಪ್ಲೇಟುಗಳು ಹೊಸದಾಗಿ ತಯಾರಾಗಿ, ಸಂಖ್ಯೆಯ ಜಾಗ ಖಾಲಿ ಬಿಟ್ಟು, ಯಾರು ಬೇಕಾದರೂ ಕೊಳ್ಳುವಂತೆ ಮಾರಾಟವಾಗುತ್ತವೆ. ಕೈಯಲ್ಲಿ ಆರ್‌ಸಿಯ ಪ್ರತಿಯೂ ಅಂಕಿಗಳ ಪಂಚ್ ಸೆಟ್ಟೂ ಒಂದು ಸುತ್ತಿಗೆಯೂ ಇದ್ದರೆ ಒಂದು ಲೋಟ ಕಾಫಿ ಆರುವುದರೊಳಗೆ ಸಂಖ್ಯೆ ಮೂಡುತ್ತದೆ. ಹಾಗೆ ಮೂಡಿಸಿದ ಪ್ಲೇಟು ಆರ್‌ಸಿಯೊಂದಿಗೆ ಹೊಂದದೆ ಇರಲು ಸಾಧ್ಯವೇ ಇಲ್ಲ. ಪಕ್ಕದವನ ಉತ್ತರಪತ್ರಿಕೆ ನೋಡಿ ಬರೆದವನ ಉತ್ತರವೂ ಪಕ್ಕದವನದರೊಂದಿಗೆ ತಪ್ಪದೆ ಹೊಂದುತ್ತದೆ. ನನ್ನ ಮುಂದೆ ಇದ್ದದ್ದು ಎರಡು ಸಾಕ್ಷಿಗಳಲ್ಲ, ಒಂದು ಕಾಗದ ಮತ್ತು ಅದೇ ಕಾಗದದ ಲೋಹದ ನಕಲು. ಸಂಖ್ಯೆಗಳು ಹೊಂದದೆ ಇದ್ದಿದ್ದರೆ ಅನುಮಾನವಾದರೂ ಹುಟ್ಟುತ್ತಿತ್ತು, ಹಣ ಉಳಿಯುತ್ತಿತ್ತು.

ಸತ್ಯ ಹೊರಬಿದ್ದದ್ದು ಗ್ಯಾರೇಜಿನಲ್ಲಿ. ಮುಂದಿನ ಬಂಪರ್ ಬಿಚ್ಚಿದ ಹಿರಿಯ ಮೇಸ್ತ್ರಿ, ರೇಡಿಯೇಟರಿನ ಕೆಳಗೆ ಟಾರ್ಚ್ ಬಿಟ್ಟು, “ಇದು ಫೋರ್ಡ್ ಅಲ್ಲ ಸಾರ್, ಇಲ್ಲಿ ಪೈಪ್ ಇದೆ” ಎಂದರು. ಚಾಸಿಸ್ಸಿನ ಎರಡು ಉದ್ದ ಕಂಬಿಗಳನ್ನು ಮುಂದೆ ಕೂಡಿಸುವ ಅಡ್ಡಪಟ್ಟಿ ಫೋರ್ಡ್ ಜಿಪಿಡಬ್ಲ್ಯೂ ಜೀಪಿನಲ್ಲಿ ಬೋರಲು ಹಾಕಿದ ತೊಟ್ಟಿಯ ಆಕಾರದ, ಚೌಕ ಅಂಚಿನ ಉಕ್ಕಿನ ಪಟ್ಟಿಯಾಗಿರುತ್ತದೆ. ವಿಲ್ಲಿಸ್ ಎಂಬಿ ಜೀಪಿನಲ್ಲಿ ಅದು ದುಂಡನೆಯ ಕೊಳವೆ. ಯುದ್ಧದ ಕಾಲದಲ್ಲಿ ಈ ಎರಡೂ ಕಂಪನಿಗಳು ಒಂದೇ ವಿನ್ಯಾಸದಲ್ಲಿ, ಒಟ್ಟು 6 ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ಭಾಗಗಳನ್ನು ಪರಸ್ಪರ ಬದಲಾಯಿಸಲು ಬರಬೇಕೆಂಬುದೇ ಸೈನ್ಯದ ಷರತ್ತಾಗಿತ್ತು. 1944ರ ಹೊತ್ತಿಗೆ ಬಾಡಿಯೂ ಇಬ್ಬರಿಗೂ ಒಂದೇ ಮಾದರಿಯದು ಬರತೊಡಗಿದ್ದರಿಂದ ಬಾಡಿ ನೋಡಿ ತೀರ್ಮಾನಿಸುವುದೂ ಕಷ್ಟ. ಆ ಅಡ್ಡಪಟ್ಟಿ ಮಾತ್ರ ಸುಳ್ಳು ಹೇಳುವುದಿಲ್ಲ, ಏಕೆಂದರೆ ಅದನ್ನು ಬದಲಿಸುವ ಶ್ರಮಕ್ಕೆ ಯಾವ ಬ್ರೋಕರನೂ ಕೈಹಾಕುವುದಿಲ್ಲ.

ಎಡಗಡೆಯ ಕಂಬಿಯ ಒಳಮೈಯಲ್ಲಿ, ಬಂಪರಿನ ಹಿಂದೆಯೇ, ವಿಲ್ಲಿಸ್‌ನವರು ತಮ್ಮ ಸಂಖ್ಯೆಯ ಚಿಕ್ಕ ಪ್ಲೇಟನ್ನು ರಿವೆಟ್ ಹೊಡೆದು ಕೂರಿಸುತ್ತಿದ್ದರು. ನನ್ನ ಜೀಪಿನಲ್ಲಿ ಆ ಜಾಗದ ಬಣ್ಣವನ್ನು ಥಿನ್ನರ್ ಬಟ್ಟೆಯಿಂದ ಒರೆಸಿದಾಗ ರಿವೆಟ್ ತೂತುಗಳಿಗೆ ವೆಲ್ಡಿಂಗ್ ತುಂಬಿ ಗ್ರೈಂಡರಿನಿಂದ ಸಪಾಟು ಮಾಡಿದ್ದ ಗುರುತುಗಳು ಕಾಣಿಸಿದವು. ಸುತ್ತಲಿನ ಉಕ್ಕು ತುಕ್ಕು ತಿಂದು ಹಳ್ಳಹಳ್ಳವಾಗಿದ್ದರೆ ಆ ಎರಡು ಚುಕ್ಕೆಗಳು ಮಾತ್ರ ನುಣ್ಣಗೆ, ಗ್ರೈಂಡರಿನ ಓರೆ ಗೀರುಗಳೊಂದಿಗೆ ಹೊಳೆಯುತ್ತಿದ್ದವು. ಎಂದರೆ ವಿಲ್ಲಿಸ್ ಚಾಸಿಸ್ಸಿನ ಗುರುತನ್ನು ಅಳಿಸಿ, ಎಲ್ಲಿಯದೋ ಫೋರ್ಡಿನ ಆರ್‌ಸಿಯನ್ನು ಅದಕ್ಕೆ ಜೋಡಿಸಿ, ಆ ಜೋಡಣೆಗೆ ಮುದ್ರೆಯೊತ್ತಲು ಗ್ಲೋವ್‌ಬಾಕ್ಸ್ ಮೇಲೆ ಹೊಸ ಪ್ಲೇಟನ್ನು ಕೂರಿಸಿದ್ದರು. ಮಾರಿದವರನ್ನು ಕೇಳಿದರೆ, ಪ್ಲೇಟನ್ನು ನೀವೇ ನೋಡಿ ತೆಗೆದುಕೊಂಡಿದ್ದೀರಲ್ಲ ಎಂಬ ಉತ್ತರ ಬಂತು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಹಣಕ್ಕಿಂತ ದೊಡ್ಡ ಪೆಟ್ಟು ಮುಂದಿತ್ತು. 2021ರಲ್ಲಿ ಬಂದ ವಿಂಟೇಜ್ ವಾಹನಗಳ ನಿಯಮದಂತೆ 50 ವರ್ಷ ಮೀರಿದ, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನವನ್ನು 20,000 ರೂಪಾಯಿ ಶುಲ್ಕ ಕಟ್ಟಿ ‘ವಿಎ’ ಸರಣಿಯಲ್ಲಿ ನೋಂದಾಯಿಸಬಹುದು. ನೋಂದಣಿ 10 ವರ್ಷಕ್ಕೆ ಸಿಂಧು. ಅದಕ್ಕೆಂದೇ ನಾನು ಈ ಜೀಪನ್ನು ಕೊಂಡಿದ್ದೆ. ಆದರೆ ಪರಿಶೀಲನೆಯ ಹೊತ್ತಿಗೆ ಚಾಸಿಸ್ ಸಂಖ್ಯೆಯ ಪೆನ್ಸಿಲ್ ಪ್ರಿಂಟ್ ಕೊಡಬೇಕೆಂದರೆ ಕಾಗದವಿಟ್ಟು ಉಜ್ಜಲು ನನ್ನ ಚಾಸಿಸ್ಸಿನ ಮೇಲೆ ಒಂದು ಅಂಕಿಯೂ ಇಲ್ಲ. ಅರ್ಜಿ ಹಾಕುವ ಯೋಚನೆಯನ್ನೇ ಕೈಬಿಟ್ಟೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಗ್ಲೋವ್‌ಬಾಕ್ಸ್ ಪ್ಲೇಟು ಅಸಲಿಯೇ ಎಂಬುದು ಕೊಳ್ಳುವವನು ಕೇಳಬೇಕಾದ ಪ್ರಶ್ನೆಯಲ್ಲ. ಅದು ಅಸಲಿಯೇ ಆಗಿದ್ದರೂ ಇನ್ನೊಂದು ಜೀಪಿನಿಂದ ಬಿಚ್ಚಿ ತಂದದ್ದಾಗಿರಬಹುದು. ನಕಲಿಯಾಗಿದ್ದರೂ ಹಿಂದಿನ ಮಾಲೀಕರು ಕಳೆದುಹೋದದ್ದರ ಬದಲಿಗೆ ಅಂದಕ್ಕೆ ಹಾಕಿಸಿದ್ದಾಗಿರಬಹುದು, ಅದನ್ನು ಬಾಯಿಬಿಟ್ಟು ಹೇಳಿದರೆ ಅದರಲ್ಲಿ ಮೋಸವೇನೂ ಇಲ್ಲ. ಸ್ಕ್ರೂ ಹಳೆಯದೇ, ಅಕ್ಷರ ಆಳವಾಗಿದೆಯೇ ಎಂದು ಭೂತಗನ್ನಡಿ ಹಿಡಿದು ಕೂರುವ ಸಮಯವನ್ನು ಜೀಪಿನ ಕೆಳಗೆ ಮಲಗಲು ಬಳಸಿ. ಫೋರ್ಡ್ ಆಗಿದ್ದರೆ ಎಡಗಡೆಯ ಕಂಬಿಯ ಮೇಲ್ಮೈಯಲ್ಲಿ, ಮುಂಭಾಗದಲ್ಲಿ, ಜಿಪಿಡಬ್ಲ್ಯೂ ಎಂಬ ಅಕ್ಷರಗಳ ಜೊತೆ ಸಂಖ್ಯೆಯನ್ನು ಉಕ್ಕಿಗೇ ಪಂಚ್ ಮಾಡಿರಬೇಕು. ಬಣ್ಣದಡಿಯಲ್ಲಿ ಅದು ಬರಿಗಣ್ಣಿಗೆ ಕಾಣದೇ ಇರಬಹುದು. ತಂತಿ ಬ್ರಷ್ಷಿನಿಂದ ಕೆರೆಯದೆ, ಥಿನ್ನರಿನಿಂದ ಬಣ್ಣ ಕರಗಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ. ಆ ಸಂಖ್ಯೆಯ ಪೆನ್ಸಿಲ್ ಪ್ರಿಂಟನ್ನು ನೀವೇ ತೆಗೆದುಕೊಳ್ಳಿ. ಕಾರ್ಖಾನೆಯಿಂದ ಹೊರಟಾಗ ಫೋರ್ಡ್ ಜೀಪಿನ ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳು ಒಂದೇ ಆಗಿದ್ದವು, ವಿಲ್ಲಿಸ್‌ನಲ್ಲಿ ಬೇರೆ ಬೇರೆ. ಆದ್ದರಿಂದ ಯಾರಾದರೂ ವಿಲ್ಲಿಸ್ ತೋರಿಸಿ ಎರಡೂ ಸಂಖ್ಯೆ ಒಂದೇ ಎಂದು ಹೆಮ್ಮೆಪಟ್ಟರೆ ಅಲ್ಲಿಂದ ಎದ್ದು ಬನ್ನಿ.

ವಿಲ್ಲಿಸ್‌ನ ವಿಷಯದಲ್ಲಿ ಮಾತ್ರ ನಿಮ್ಮ ಪ್ರಶ್ನೆಗೆ ಬೆಲೆಯಿದೆ, ಏಕೆಂದರೆ ಅಲ್ಲಿ ಚಾಸಿಸ್ಸಿನ ಗುರುತು ಇರುವುದೇ ಕಂಬಿಯ ಮೇಲಿನ ಆ ಚಿಕ್ಕ ಪ್ಲೇಟಿನಲ್ಲಿ. ಅಲ್ಲಿ ನಡುವೆ ತೂತಿರುವ ಪಾಪ್ ರಿವೆಟ್ ಕಂಡರೆ, ಅಥವಾ ಕಂಬಿಯೆಲ್ಲ ತುಕ್ಕು ಹಿಡಿದಿದ್ದು ಪ್ಲೇಟಿನ ಅಂಚಿನ ಸುತ್ತ ಮಾತ್ರ ಉಕ್ಕು ಶುಭ್ರವಾಗಿದ್ದರೆ, ಅದನ್ನು ಯಾರೋ ಮುಟ್ಟಿದ್ದಾರೆ ಎಂದೇ ತಿಳಿಯಿರಿ. ಇನ್ನು ಗ್ರಿಲ್ಲಿನಲ್ಲಿ ಒಂಬತ್ತರ ಬದಲು ಏಳು ಸೀಳುಗಳಿದ್ದರೆ ಆ ಗ್ರಿಲ್ ನಾಗರಿಕ ಬಳಕೆಯ ಸಿಜೆ ಮಾದರಿಯದು. ಜೀಪಿನ ಉಳಿದ ಭಾಗಗಳನ್ನೂ ಅದೇ ಅನುಮಾನದಿಂದ ನೋಡಿ.

ಚಾಸಿಸ್ಸಿಗೆ ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿ, ಪ್ರೈಮರ್ ಹೊಡೆಸಿ ಕೊಡುತ್ತೇನೆ ಎಂದು ಮಾರುವವರು ಆಸೆ ತೋರಿಸಿದರೆ ಒಪ್ಪಬೇಡಿ. ಗ್ರೈಂಡರಿನ ಗೀರು, ಬಣ್ಣದ ಪದರ, ತುಕ್ಕಿನ ವ್ಯತ್ಯಾಸ ಎಲ್ಲವೂ ಅದರೊಂದಿಗೇ ತೊಳೆದುಹೋಗುತ್ತವೆ. ಅಡ್ವಾನ್ಸ್ ಕೊಡುವ ಮೊದಲು ಸಂಬಂಧಪಟ್ಟ ಆರ್‌ಟಿಒ ಕಚೇರಿಯಿಂದ ಬಿ ಎಕ್ಸ್‌ಟ್ರಾಕ್ಟ್, ಅಂದರೆ ಕಚೇರಿಯ ನೋಂದಣಿ ದಾಖಲೆಯ ಪ್ರತಿ, ತೆಗೆಸಲು ಮಾಲೀಕರಿಗೇ ಹೇಳಿ. ಆರ್‌ಸಿಯ ಜೆರಾಕ್ಸ್ ಅದಕ್ಕೆ ಸಮವಲ್ಲ. ಬಿ ಎಕ್ಸ್‌ಟ್ರಾಕ್ಟ್‌ನಲ್ಲಿ ತಯಾರಕರ ಹೆಸರಿನ ಎದುರು ಏನಿದೆ, ನೀವು ಕಂಬಿಯ ಮೇಲಿಂದ ತೆಗೆದ ಪೆನ್ಸಿಲ್ ಪ್ರಿಂಟ್ ಏನು ಹೇಳುತ್ತದೆ, ಮುಂದಿನ ಅಡ್ಡಪಟ್ಟಿ ದುಂಡೋ ಚೌಕವೋ, ಈ ಮೂರನ್ನು ಕೊನೆಯ ಅಂಕಿಗಳನ್ನು ಮರೆಮಾಡಿ ಇಲ್ಲಿ ಬರೆದರೆ ನನಗೆ ತಿಳಿದಷ್ಟು ಹೇಳುತ್ತೇನೆ. ಗ್ಲೋವ್‌ಬಾಕ್ಸ್ ಪ್ಲೇಟಿನ ಫೋಟೊ ಬೇಕಾಗಿಲ್ಲ.